ಸೂಪರ್‌ಮ್ಯಾನ್ ಗಣಿಗೆ ಇಳಿದದ್ದು 1938ರಲ್ಲೇ

ಸೂಪರ್‌ಮ್ಯಾನ್ ತನ್ನ ಮೂರನೇ ಕಥೆಯಲ್ಲಿ ಪಾಠ ಕಲಿಸಿದ್ದು ಬೇರೆ ಗ್ರಹದ ರಾಕ್ಷಸನಿಗಲ್ಲ, ಒಬ್ಬ ಗಣಿ ಮಾಲೀಕನಿಗೆ.

1938ರ ಆಗಸ್ಟ್ ತಿಂಗಳ ‘ಆಕ್ಷನ್ ಕಾಮಿಕ್ಸ್’ ಸಂಚಿಕೆ ಅದು. ಗಣಿ ಕುಸಿದು ಒಬ್ಬ ಕಾರ್ಮಿಕ ಒಳಗೆ ಸಿಕ್ಕಿಬಿದ್ದಿದ್ದಾನೆ. ಜೀವ ಉಳಿಯುತ್ತೆ, ಆದರೆ ಇನ್ನು ದುಡಿಯುವ ಹಾಗಿಲ್ಲ. ಮಾಲೀಕ ಬ್ಲೇಕ್ಲಿ, ಎಲ್ಲ ಅವನದೇ ತಪ್ಪು ಅಂತ ಕೈ ತೊಳೆದುಕೊಳ್ಳುತ್ತಾನೆ. ಸೂಪರ್‌ಮ್ಯಾನ್ ಗಣಿ ಕೂಲಿಯ ವೇಷದಲ್ಲಿ ಅವನ ಬಂಗಲೆಗೆ ಹೋಗುತ್ತಾನೆ. ಅಲ್ಲಿ ಭರ್ಜರಿ ಪಾರ್ಟಿ. ಮೋಜಿಗೆಂದು ಮಾಲೀಕ ತನ್ನ ಅತಿಥಿಗಳನ್ನೆಲ್ಲ ಗಣಿಯೊಳಗೆ ಕರೆದುಕೊಂಡು ಇಳಿಯುತ್ತಾನೆ. ಸೂಪರ್‌ಮ್ಯಾನ್ ದಾರಿ ಮುಚ್ಚುವ ಹಾಗೆ ಮಣ್ಣು ಕೆಡವುತ್ತಾನೆ. ಅಪಾಯದ ಗಂಟೆ ತುಕ್ಕು ಹಿಡಿದು ಕೆಟ್ಟಿದೆ. ಸೂಟು ಬೂಟಿನವರು ಗುದ್ದಲಿ ಹಿಡಿದು ಅಗೆಯಬೇಕಾಗುತ್ತೆ. ಕೈಯಲ್ಲಿ ಆಗುವುದಿಲ್ಲ. ಹೊರಗೆ ಬಂದ ಮೇಲೆ ಮಾಲೀಕನ ಮಾತಿನ ವರಸೆಯೇ ಬದಲಾಗಿರುತ್ತೆ.

ಸಂಡೂರಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನ, ಎರಡನ್ನೂ ಹತ್ತಿರದಿಂದ ನೋಡಿದ ನಮ್ಮ ಕಡೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬಳ್ಳಾರಿಯಲ್ಲಿ ಹುಡುಗರು ಇಂಗ್ಲಿಷ್ ಸೂಪರ್‌ಹೀರೋ ಸಿನಿಮಾ ನೋಡಿ ಬಂದು ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಕೂತಾಗ ಒಂದು ಮಾತು ಬಂದೇ ಬರುತ್ತೆ. “ಮೊದ್ಲು ಚೆಂದ ಇತ್ರಿ. ಈಗ ಇದರಾಗೂ ರಾಜಕೀಯ ತುರುಕ್ಯಾರ.” ಅಮೆರಿಕದಲ್ಲೂ ಇದೇ ದೂರು. ಹೀರೋ ಕಪ್ಪು ವರ್ಣದವನಾದರೆ ರಾಜಕೀಯ. ಹೆಣ್ಣಾದರೆ ರಾಜಕೀಯ. ವಲಸಿಗರ ಪರ ಮಾತಾಡಿದರಂತೂ ಮುಗಿದೇ ಹೋಯಿತು. ದೂರಿನ ಒಳಗೆ ಒಂದು ನಂಬಿಕೆ ಇದೆ: ಒಂದು ಕಾಲದಲ್ಲಿ ಈ ಪುಸ್ತಕಗಳು ರಾಜಕೀಯದಿಂದ ದೂರ ಇದ್ದವು, ಆಮೇಲೆ ಯಾರೋ ತಂದು ಬೆರೆಸಿದರು ಅಂತ.

ನಡೆದದ್ದು ಉಲ್ಟಾ. ರಾಜಕೀಯ ಮೊದಲ ಪುಟದಿಂದಲೇ ಇತ್ತು. ನಡುವೆ ಅದನ್ನು ಹೊರಗೆ ಹಾಕಿದರು.

ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡ್ ಊರಿನ ಹುಡುಗರು. ಯುರೋಪಿನಿಂದ ಬಂದ ಯಹೂದಿ ಕುಟುಂಬಗಳ ಮಕ್ಕಳು. ಬೆಳೆದದ್ದು 1930ರ ದಶಕದ ಆರ್ಥಿಕ ಕುಸಿತದಲ್ಲಿ. ಆ ಹೀರೋನ ಪೂರ್ತಿ ಹಕ್ಕನ್ನು ಕಂಪನಿಗೆ ಮಾರಿದ್ದು 130 ಡಾಲರಿಗೆ. ಜೀವನಪೂರ್ತಿ ಕೊರಗಿದ ಮಾರಾಟ ಅದು. ಅವರ ಮೊದಲ ಕಥೆಯಲ್ಲಿ ಸೂಪರ್‌ಮ್ಯಾನ್ ಏನು ಮಾಡುತ್ತಾನೆ ನೋಡಿ. ತಪ್ಪು ಮಾಡದ ಹೆಂಗಸನ್ನು ಮರಣದಂಡನೆಯಿಂದ ಉಳಿಸುತ್ತಾನೆ. ಹೆಂಡತಿಗೆ ಹೊಡೆಯುವವನನ್ನು ಗೋಡೆಗೆ ಎಸೆಯುತ್ತಾನೆ. ಆಮೇಲೆ ವಾಷಿಂಗ್ಟನ್‌ಗೆ ಹೋಗಿ ಸೆನೆಟರ್ ಒಬ್ಬನನ್ನು ಬುಟ್ಟಿಗೆ ಹಾಕಿಕೊಂಡು ದೇಶವನ್ನು ಯುರೋಪಿನ ಯುದ್ಧಕ್ಕೆ ಎಳೆಯಲು ನೋಡುತ್ತಿದ್ದ ದಲ್ಲಾಳಿಯ ಬೆನ್ನು ಹತ್ತುತ್ತಾನೆ. ಮುಂದೊಂದು ಸಂಚಿಕೆಯಲ್ಲಿ ಕೊಳೆಗೇರಿಯ ಮುರುಕು ಮನೆಗಳನ್ನೆಲ್ಲ ತಾನೇ ಕೆಡವುತ್ತಾನೆ, ಸರ್ಕಾರ ಹೊಸದು ಕಟ್ಟಿಕೊಡಲೇಬೇಕಾಗಲಿ ಅಂತ. (ಆಗಿನ್ನೂ ಅವನಿಗೆ ಹಾರಲು ಬರುತ್ತಿರಲಿಲ್ಲ, ಜಿಗಿಯುತ್ತಿದ್ದ ಅಷ್ಟೇ. ರಾಜಕೀಯ ಮಾತ್ರ ಚೆನ್ನಾಗಿ ಬರುತ್ತಿತ್ತು.)

ಕ್ಯಾಪ್ಟನ್ ಅಮೆರಿಕದ್ದು ಇನ್ನೂ ನೇರ. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಬರೆದ ಮೊದಲ ಸಂಚಿಕೆಯ ಮೇಲೆ ಮಾರ್ಚ್ 1941 ಅಂತ ಅಚ್ಚಾಗಿದೆ. ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲೇ. ಮುಖಪುಟದಲ್ಲಿ ಹೀರೋ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕ ಆಗ ಯುದ್ಧದಲ್ಲಿ ಇರಲೇ ಇಲ್ಲ. ಜಪಾನ್ ಪರ್ಲ್ ಹಾರ್ಬರಿಗೆ ಬಾಂಬು ಹಾಕಿದ್ದು ಅದಾಗಿ ಸುಮಾರು ಒಂದು ವರ್ಷಕ್ಕೆ. ನಮಗ್ಯಾಕೆ ಊರಿನವರ ಜಗಳ ಅನ್ನುವ ಅಮೆರಿಕನ್ನರು ಬಹಳ ಇದ್ದರು, ನಾಜಿಗಳ ಪರ ಮೆರವಣಿಗೆ ತೆಗೆಯುವವರೂ ಇದ್ದರು. ಸೈಮನ್, ಕರ್ಬಿ ಇಬ್ಬರಿಗೂ ಬೆದರಿಕೆ ಪತ್ರಗಳು ಬಂದವು. ಆಫೀಸಿಗೆ ಪೊಲೀಸ್ ಕಾವಲು ಹಾಕಬೇಕಾಯಿತು ಅಂತ ಸೈಮನ್ ಆಮೇಲೆ ಹೇಳಿಕೊಂಡಿದ್ದಾರೆ. ಸೀಗಲ್‌ನನ್ನಂತೂ ಹಿಟ್ಲರನ ಎಸ್‌ಎಸ್ ಪಡೆಯ ಪತ್ರಿಕೆಯೇ 1940ರಲ್ಲಿ ಹೆಸರು ಹಿಡಿದು ಬೈದಿತ್ತು. ಮಕ್ಕಳ ಪುಸ್ತಕಕ್ಕೆ ಇಷ್ಟು ಸಿಟ್ಟು!

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ರಾಜಕೀಯ ಇದ್ದ ಮಾತ್ರಕ್ಕೆ ಕಾಮಿಕ್ಸ್ ದೊಡ್ಡದಾಗುವುದಿಲ್ಲ. ಯುದ್ಧ ಶುರುವಾದ ಮೇಲೆ ಇದೇ ಪುಸ್ತಕಗಳು ಜಪಾನಿಯರನ್ನು ಹಳದಿ ಚರ್ಮದ, ಕೋರೆಹಲ್ಲಿನ ಪ್ರಾಣಿಗಳ ಹಾಗೆ ಬರೆದವು. ಯುದ್ಧದ ಬಾಂಡ್ ಕೊಂಡು ಜಪಾನಿಗೆ ಕಪಾಳಕ್ಕೆ ಬಾರಿಸಿ ಅಂತ ಕೂಗುವ ಸೂಪರ್‌ಮ್ಯಾನ್ ಮುಖಪುಟ ಕೂಡ ಇದೆ. 1954ರಲ್ಲಿ ಕ್ಯಾಪ್ಟನ್ ಅಮೆರಿಕನನ್ನು ಕಮ್ಯುನಿಸ್ಟರನ್ನು ಚಚ್ಚುವ ಹೀರೋ ಮಾಡಿ ಮತ್ತೆ ತಂದರು. ಮೂರೇ ಸಂಚಿಕೆಗೆ ಅಂಗಡಿ ಬಂದ್. ಎಡವೋ ಬಲವೋ, ಹೀರೋ ಬರೀ ಘೋಷಣೆ ಕೂಗುತ್ತಾ ನಿಂತರೆ ಓದುಗ ಪುಟ ತಿರುಗಿಸುತ್ತಾನೆ.

ಹಾಗಾದರೆ ರಾಜಕೀಯ ಇಲ್ಲದ, ಸುಮ್ನೆ ಹಾರಾಡುವ ಸೂಪರ್‌ಹೀರೋ ಬಂದದ್ದು ಯಾವಾಗ?

ಮೊದಲ ಹೆಜ್ಜೆ ಕಂಪನಿಯವರದೇ. ಸೂಪರ್‌ಮ್ಯಾನ್ ಲಕ್ಷಗಟ್ಟಲೆ ಪ್ರತಿ ಮಾರಾಟವಾಗತೊಡಗಿದ. ಆಟಿಕೆ, ರೇಡಿಯೋ, ಜಾಹೀರಾತು ಎಲ್ಲ ಶುರುವಾಯಿತು. 1940ರಲ್ಲಿ ಚಿಕಾಗೋದ ಒಂದು ಪತ್ರಿಕೆ ಈ ಕಾಮಿಕ್ಸ್ ದೇಶಕ್ಕೇ ಅವಮಾನ ಅಂತ ಸಂಪಾದಕೀಯ ಬರೆಯಿತು. ಗಾಬರಿಯಾದ ಕಂಪನಿ ಮರುವರ್ಷ ಸಲಹಾ ಮಂಡಳಿ ಮಾಡಿಕೊಂಡಿತು, ಹೀರೋಗೆ ನಡತೆಯ ಕಟ್ಟಳೆ ಹಾಕಿತು. ಗಣಿ ಮಾಲೀಕ, ಮನೆ ಮಾಲೀಕ ಎಲ್ಲ ಮೆಲ್ಲಗೆ ಕಥೆಯಿಂದ ಜಾರಿಕೊಂಡರು. ಅವರ ಜಾಗಕ್ಕೆ ಬ್ಯಾಂಕ್ ದರೋಡೆಕೋರರು, ಹುಚ್ಚು ವಿಜ್ಞಾನಿಗಳು ಬಂದರು. ರೇಡಿಯೋದಲ್ಲಿ ಮಾತ್ರ 1946ರಲ್ಲೂ ಸೂಪರ್‌ಮ್ಯಾನ್ ಕೂ ಕ್ಲಕ್ಸ್ ಕ್ಲಾನ್ ಅನ್ನುವ ವರ್ಣದ್ವೇಷಿ ಸಂಘಟನೆಯ ತರಹದ ಒಂದು ಗುಂಪಿನ ಮುಖವಾಡ ಕಳಚಿದ. ಮಕ್ಕಳು ಮುಗಿಬಿದ್ದು ಕೇಳಿದರು.

ಎರಡನೇ ಹೆಜ್ಜೆ 1954ರದ್ದು. ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯ, ಕಾಮಿಕ್ಸ್ ಮಕ್ಕಳನ್ನು ಅಪರಾಧಕ್ಕೆ ದೂಡುತ್ತದೆ ಅಂತ ಪುಸ್ತಕ ಬರೆದ. ವರ್ಥಮ್‌ನನ್ನು ಬರೀ ಖಳನಾಯಕ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ ಚಿಕಿತ್ಸಾಲಯ ನಡೆಸಿದವನು ಆತ. ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇಡುವುದರಿಂದ ಆಗುವ ಹಾನಿಯ ಬಗ್ಗೆ ಅವನು ಕೊಟ್ಟ ಸಾಕ್ಷ್ಯ ಕೋರ್ಟಿನಲ್ಲಿ ಕೆಲಸಕ್ಕೆ ಬಂದಿತ್ತು. ಆದರೆ ಕಾಮಿಕ್ಸ್ ವಿಷಯದಲ್ಲಿ ಅವನ ಗಾಬರಿ ಅವನ ಪುರಾವೆಗಿಂತ ದೊಡ್ಡದಿತ್ತು. ಸೆನೆಟ್ ಸಮಿತಿ ವಿಚಾರಣೆ ಮಾಡಿತು. ಸರ್ಕಾರವೇ ಕಾನೂನು ತಂದೀತು ಅಂತ ಹೆದರಿ ಪ್ರಕಾಶಕರು ತಾವೇ ಒಂದು ಕಾಮಿಕ್ಸ್ ಕೋಡ್ ಮಾಡಿಕೊಂಡರು. ಅದರ ಮುದ್ರೆ ಇಲ್ಲದ ಪುಸ್ತಕವನ್ನು ಹಂಚುವವರು ಮುಟ್ಟುತ್ತಿರಲಿಲ್ಲ.

ಕೋಡಿನಲ್ಲಿ ರಕ್ತಪಾತ, ಭೂತಪ್ರೇತ, ಬಟ್ಟೆಬರೆಗೆ ಸಂಬಂಧಿಸಿದ ನಿಯಮಗಳು ಇದ್ದೇ ಇದ್ದವು. ಆದರೆ ನಮ್ಮ ವಿಷಯಕ್ಕೆ ಬೇಕಾದ ನಿಯಮ ಇನ್ನೊಂದು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳು, ಗೌರವದ ಸಂಸ್ಥೆಗಳು, ಇವರ ಮೇಲೆ ಜನರಿಗೆ ಅಗೌರವ ಹುಟ್ಟುವ ಹಾಗೆ ಎಂದೂ ತೋರಿಸಬಾರದು. ಅಂದರೆ 1938ರ ಆ ಸೆನೆಟರ್ ಕಥೆಯನ್ನು 1955ರಲ್ಲಿ ಅಚ್ಚು ಹಾಕುವ ಹಾಗೇ ಇರಲಿಲ್ಲ. ಈ ನಿಯಮಕ್ಕೆ ರಾಜಕೀಯ ಅಂತ ಯಾರೂ ಹೆಸರಿಡಲಿಲ್ಲ. ಆದರೆ ಅಧಿಕಾರದಲ್ಲಿ ಕೂತವರು ಯಾವಾಗಲೂ ಒಳ್ಳೆಯವರೇ ಅನ್ನುವುದಕ್ಕಿಂತ ದೊಡ್ಡ ರಾಜಕೀಯ ಬೇರೆ ಯಾವುದಿದೆ?

ಕೋಡ್ ಎಲ್ಲಿಯವರೆಗೆ ಹೋಯಿತು ಅನ್ನುವುದಕ್ಕೆ ಒಂದು ಘಟನೆ. ಇಸಿ ಕಾಮಿಕ್ಸ್ ಅನ್ನುವ ಸಂಸ್ಥೆ ಒಂದು ಹಳೆಯ ಕಥೆಯನ್ನು ಮತ್ತೆ ಅಚ್ಚು ಹಾಕಲು ಕಳಿಸಿತು. ರೋಬೋಟುಗಳ ಗ್ರಹವೊಂದನ್ನು ನೋಡಲು ಭೂಮಿಯಿಂದ ಅಧಿಕಾರಿ ಬರುತ್ತಾನೆ. ಅಲ್ಲಿ ಕಿತ್ತಳೆ ರೋಬೋಟುಗಳಿಗೆ ಒಂದು ನ್ಯಾಯ, ನೀಲಿಯವಕ್ಕೆ ಇನ್ನೊಂದು. ನೀವಿನ್ನೂ ಭೂಮಿಯ ಕೂಟಕ್ಕೆ ಸೇರಲು ತಯಾರಿಲ್ಲ ಅಂತ ಅವನು ವಾಪಸಾಗುತ್ತಾನೆ. ಕೊನೆಯ ಚಿತ್ರದಲ್ಲಿ ಹೆಲ್ಮೆಟ್ ತೆಗೆಯುತ್ತಾನೆ. ಅವನು ಕಪ್ಪು ವರ್ಣದವನು. ಕೋಡಿನ ಮುಖ್ಯಸ್ಥ ಮರ್ಫಿ ಅದನ್ನು ಬದಲಾಯಿಸಿ ಅಂದ. ಬರೆದ ಅಲ್ ಫೆಲ್ಡ್‌ಸ್ಟೀನ್, ಪ್ರಕಾಶಕ ಬಿಲ್ ಗೇನ್ಸ್ ಇಬ್ಬರೂ ಜಗಳಕ್ಕೆ ನಿಂತರು, ಹಾಗೇ ಅಚ್ಚು ಹಾಕಿದರು. 1956ರ ಆ ಸಂಚಿಕೆಯೇ ಅವರ ಕೊನೆಯ ಕಾಮಿಕ್ಸ್ ಪುಸ್ತಕ. ಆಮೇಲೆ ಅವರು ‘ಮ್ಯಾಡ್’ ಪತ್ರಿಕೆ ನಡೆಸಿಕೊಂಡು ಆರಾಮಾಗಿದ್ದರು, ಅದು ಬೇರೆ ಮಾತು.

ಇವತ್ತು ‘ರಾಜಕೀಯ ಇಲ್ಲದ ಒಳ್ಳೆಯ ಕಾಲ’ ಅಂತ ನೆನೆಸಿಕೊಳ್ಳುವುದು ಬಹಳ ಮಟ್ಟಿಗೆ ಈ ಕೋಡಿನ ಹದಿನೈದು ಇಪ್ಪತ್ತು ವರ್ಷಗಳನ್ನು.

1960ರ ದಶಕದಲ್ಲಿ ಕ್ಯಾಪ್ಟನ್ ಅಮೆರಿಕನ ಕಂಪನಿ ಮಾರ್ವೆಲ್ ಮೆಲ್ಲಗೆ ಬಾಗಿಲು ತೆರೆಯಿತು. ಆಫ್ರಿಕದ ಶ್ರೀಮಂತ, ಬುದ್ಧಿವಂತ ರಾಜ ಬ್ಲ್ಯಾಕ್ ಪ್ಯಾಂಥರ್ ಬಂದದ್ದು 1966ರಲ್ಲಿ. ಅದೇ ಹೆಸರಿನ ರಾಜಕೀಯ ಪಕ್ಷ ಹುಟ್ಟಿದ್ದು ಅದೇ ವರ್ಷ, ಕೆಲವು ತಿಂಗಳ ನಂತರ. 1970ರಲ್ಲಿ ಡೆನ್ನಿ ಓನೀಲ್ ಬರೆದ, ನೀಲ್ ಆಡಮ್ಸ್ ಚಿತ್ರ ಬಿಡಿಸಿದ ಗ್ರೀನ್ ಲ್ಯಾಂಟರ್ನ್ ಕಥೆ ಬಂತು. ಒಬ್ಬ ಕಪ್ಪು ಮುದುಕ ಹೀರೋನ ಮುಂದೆ ನಿಂತು ಕೇಳುತ್ತಾನೆ: ಎಲ್ಲೋ ಗ್ರಹದ ನೀಲಿ ಚರ್ಮದವರಿಗೆ, ಕಿತ್ತಳೆ ಚರ್ಮದವರಿಗೆ, ನೇರಳೆ ಚರ್ಮದವರಿಗೆ ಎಲ್ಲ ಮಾಡಿದೆಯಂತೆ, ಕಪ್ಪು ಚರ್ಮದವರಿಗೆ ಏನು ಮಾಡಿದೆ? ಇಡೀ ಬ್ರಹ್ಮಾಂಡ ಕಾಯುವವನು ತಲೆ ತಗ್ಗಿಸುತ್ತಾನೆ. ಪತ್ರಿಕೆಗಳು ಹೊಗಳಿದವು, ಪ್ರಶಸ್ತಿಗಳು ಬಂದವು. ಮಾರಾಟ ಮಾತ್ರ ಕೈ ಹಿಡಿಯಲಿಲ್ಲ. 1972ರಲ್ಲಿ ಪುಸ್ತಕ ನಿಂತಿತು. ರಾಜಕೀಯ ತುರುಕಿದರೆ ದುಡ್ಡು ಬರುತ್ತೆ ಅಂತ ಕಂಪನಿಗಳು ಹೀಗೆ ಮಾಡುತ್ತವೆ ಅನ್ನುವವರು ಈ ಲೆಕ್ಕವನ್ನೂ ನೋಡಬೇಕು.

1970-71ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಮಾದಕ ವಸ್ತುಗಳ ಕೆಡುಕು ತೋರಿಸುವ ಕಥೆ ಬರೆಯಿರಿ ಅಂತ ಅಮೆರಿಕದ ಆರೋಗ್ಯ ಇಲಾಖೆಯೇ ಮಾರ್ವೆಲ್ ಸಂಪಾದಕ ಸ್ಟಾನ್ ಲೀಗೆ ಪತ್ರ ಬರೆಯಿತು. ಸ್ಪೈಡರ್‌ಮ್ಯಾನ್ ಕಥೆ ತಯಾರಾಯಿತು. ಕೋಡಿನವರು ಮುದ್ರೆ ಕೊಡಲಿಲ್ಲ, ಯಾಕೆಂದರೆ ಡ್ರಗ್ಸ್ ಹೆಸರೇ ಎತ್ತಬಾರದು. ಮಾರ್ವೆಲ್ ಮುದ್ರೆ ಇಲ್ಲದೆ ಮೂರು ಸಂಚಿಕೆ ಮಾರಿತು, ಆಕಾಶ ಕಳಚಿ ಬೀಳಲಿಲ್ಲ. 1971ರಲ್ಲೇ ಕೋಡ್ ಸಡಿಲವಾಯಿತು. ಭ್ರಷ್ಟ ಅಧಿಕಾರಿಯನ್ನು ಇನ್ನು ತೋರಿಸಬಹುದು, ಆದರೆ ಅಂಥವರು ಅಪರೂಪ ಅಂತ ಗೊತ್ತಾಗಬೇಕು, ಕೊನೆಗೆ ಶಿಕ್ಷೆ ಆಗಲೇಬೇಕು. ಬಳ್ಳಾರಿಯಲ್ಲಿ ಕೂತು ಈ ನಿಯಮ ಓದಿದರೆ ಸ್ವಲ್ಪ ನಗು ಬರುತ್ತೆ, ಅಲ್ವಾ?

ನನಗೆ ಬಹಳ ಇಷ್ಟವಾದದ್ದು ಕ್ಯಾಪ್ಟನ್ ಅಮೆರಿಕದ ಕಥೆಗಳನ್ನು ಸ್ಟೀವ್ ಎಂಗಲ್‌ಹಾರ್ಟ್ ಬರೆದ ಕಾಲ. ಮೊದಲು 1972ರಲ್ಲಿ ಅವನು 1954ರ ಆ ಕಮ್ಯುನಿಸ್ಟ್ ಚಚ್ಚುವ ಹೀರೋನನ್ನು ಮತ್ತೆ ಎಳೆದು ತಂದ. ಅವನು ಅಸಲಿ ಕ್ಯಾಪ್ಟನ್ ಅಲ್ಲವೇ ಅಲ್ಲ, ಔಷಧಿ ತಲೆಗೇರಿ ಎಲ್ಲರಲ್ಲೂ ದೇಶದ್ರೋಹಿಯನ್ನು ಕಾಣುವ ಹುಚ್ಚ ಅಂತ ಮಾಡಿ, ಅಸಲಿ ಮತ್ತು ನಕಲಿ ದೇಶಭಕ್ತಿಗೆ ಕುಸ್ತಿ ಹಚ್ಚಿದ. ಹಳೆಯ ಪ್ರಚಾರದ ಕಥೆಯನ್ನು ಹರಿದು ಹಾಕದೆ, ಅದರ ಮೇಲೇ ಪ್ರಶ್ನೆ ಬರೆದದ್ದು ಇದು. ಆಮೇಲೆ 1974ರಲ್ಲಿ ಒಂದು ಗುಪ್ತ ಸಂಘಟನೆಯ ಮುಖ್ಯಸ್ಥನನ್ನು ಹೀರೋ ಬೆನ್ನಟ್ಟುತ್ತಾ ಶ್ವೇತಭವನದ ಒಳಗೇ ಹೋಗುತ್ತಾನೆ. ಮುಖವಾಡ ಕಳಚುತ್ತೆ. ಮುಖ ನಮಗೆ ತೋರಿಸುವುದಿಲ್ಲ, ಆದರೆ ಅದು ನಿಕ್ಸನ್ ಅಂತ ಆಗಿನ ಓದುಗರಿಗೆಲ್ಲ ಗೊತ್ತಾಯಿತು. ವಾಟರ್‌ಗೇಟ್ ಹಗರಣದಲ್ಲಿ ನಿಜವಾದ ನಿಕ್ಸನ್ ರಾಜೀನಾಮೆ ಕೊಟ್ಟದ್ದು ಅದೇ ವರ್ಷದ ಆಗಸ್ಟಿನಲ್ಲಿ. ಕ್ಯಾಪ್ಟನ್ ದೇಶದ ಹೆಸರು ಹೊತ್ತ ತನ್ನ ವೇಷವನ್ನೇ ಬಿಚ್ಚಿಟ್ಟು ಕೆಲವು ಸಂಚಿಕೆ ಅಲೆಮಾರಿಯಾಗುತ್ತಾನೆ. ಇಲ್ಲಿ ಭಾಷಣ ಕಡಿಮೆ. ನಂಬಿದವರು ಕೈಕೊಟ್ಟಾಗ ಮನುಷ್ಯ ಏನು ಮಾಡುತ್ತಾನೆ ಅನ್ನುವುದೇ ಕಥೆ.

ಆಮೇಲಿನದ್ದು ಹಲವರಿಗೆ ಗೊತ್ತಿರುವುದೇ. 1986ರಲ್ಲಿ ಅಲನ್ ಮೂರ್ ‘ವಾಚ್‌ಮೆನ್’ನಲ್ಲಿ ಈ ಹೀರೋಗಳನ್ನು ಕಾಯುವವರು ಯಾರು ಅಂತ ಕೇಳಿದ. 2006ರಲ್ಲಿ ಮಾರ್ವೆಲ್ ‘ಸಿವಿಲ್ ವಾರ್’ನಲ್ಲಿ, ಸೂಪರ್‌ಹೀರೋಗಳು ಸರ್ಕಾರದ ಹತ್ತಿರ ಹೆಸರು ನೋಂದಾಯಿಸಬೇಕೇ ಅನ್ನುವ ಜಗಳ ಹಚ್ಚಿತು. ಅವಳಿ ಗೋಪುರಗಳು ಬಿದ್ದ ಮೇಲಿನ ಅಮೆರಿಕದ ನೆರಳು ಅದರಲ್ಲಿ ಸ್ಪಷ್ಟ. 2011ರಲ್ಲಿ ಕಾಮಿಕ್ಸ್ ಕೋಡ್ ಪೂರ್ತಿ ಸತ್ತಿತು.

ಆದರೆ ಕತ್ತರಿ ಸಾಯಲಿಲ್ಲ, ಕೈ ಬದಲಾಯಿತು. 2019ರಲ್ಲಿ ಮಾರ್ವೆಲ್‌ನ ಹಳೆಯ ಕಥೆಗಳ ಒಂದು ಸಂಕಲನಕ್ಕೆ ಹೆಸರಾಂತ ಕಾಮಿಕ್ಸ್ ಕಲಾವಿದ ಆರ್ಟ್ ಸ್ಪೀಗಲ್‌ಮನ್ ಮುನ್ನುಡಿ ಬರೆದರು. ಅದರಲ್ಲಿ ಟ್ರಂಪ್‌ಗೆ ಕುಟುಕುವ ಒಂದೇ ಒಂದು ಮಾತು ಇತ್ತು. ಮಾರ್ವೆಲ್ ರಾಜಕೀಯದಿಂದ ದೂರ ಇರಲು ಬಯಸುತ್ತದೆ, ತೆಗೆಯಿರಿ ಅಂತ ಸಂಕಲನದ ಪ್ರಕಾಶಕರು ಅಂದರು. ಸ್ಪೀಗಲ್‌ಮನ್ ಮುನ್ನುಡಿಯನ್ನೇ ವಾಪಸ್ ಪಡೆದು ಪತ್ರಿಕೆಯಲ್ಲಿ ಹಾಕಿಸಿದರು. ಹಿಟ್ಲರನಿಗೆ ಗುದ್ದಿ ಹೆಸರಾದ ಸಂಸ್ಥೆಗೆ ಈಗ ರಾಜಕೀಯ ಬೇಡ. ಅದೇ ವರ್ಷ ಬಂದ ‘ಕ್ಯಾಪ್ಟನ್ ಮಾರ್ವೆಲ್’ ಸಿನಿಮಾಕ್ಕೆ ಅಮೆರಿಕದ ವಾಯುಸೇನೆಯ ನೆರವು ಇತ್ತು. ಅದನ್ನು ರಾಜಕೀಯ ಅಂತ ಲೆಕ್ಕ ಹಿಡಿಯಲಿಲ್ಲ. 2021ರಲ್ಲಿ ಸೂಪರ್‌ಮ್ಯಾನ್‌ನ ಘೋಷವಾಕ್ಯದಿಂದ ಅಮೆರಿಕದ ಹೆಸರು ತೆಗೆದಾಗ ಮಾತ್ರ ಗುಲ್ಲೋ ಗುಲ್ಲು. ಆ ಹೆಸರು ಮೂಲದಲ್ಲಿ ಇರಲೇ ಇಲ್ಲ, 1942ರ ಯುದ್ಧಕಾಲದಲ್ಲಿ ರೇಡಿಯೋದವರು ಸೇರಿಸಿದ್ದು. ಅದು ಸೇರಿದ್ದು ರಾಜಕೀಯ ಅನ್ನಿಸಲಿಲ್ಲ, ತೆಗೆದದ್ದು ಅನ್ನಿಸಿತು.

ನಮ್ಮ ಕಡೆಯ ಓದಿನ ಕಥೆ ಇನ್ನೂ ಸ್ವಾರಸ್ಯ. ರಾಯಚೂರು, ಕೊಪ್ಪಳದ ಒಂದು ತಲೆಮಾರು ‘ಸುಧಾ’ ಬಂದ ಕೂಡಲೇ ಮೊದಲು ತೆಗೆಯುತ್ತಿದ್ದದ್ದು ಫ್ಯಾಂಟಮ್ ಪುಟವನ್ನು. ಅದು ರಾಜಕೀಯ ಇಲ್ಲದ ಕಥೆ ಅಂತಲೇ ಎಲ್ಲರ ನಂಬಿಕೆ. ಈಗ ನೋಡಿ: ಲೀ ಫಾಕ್ 1936ರಲ್ಲಿ ಶುರು ಮಾಡಿದ ಆ ಕಥೆಯಲ್ಲಿ ಒಬ್ಬ ಬಿಳಿಯ, ಕಪ್ಪು ಜನರ ಕಾಡಿನಲ್ಲಿ, ನಾನೂರು ವರ್ಷಗಳಿಂದ ಅಪ್ಪನಿಂದ ಮಗನಿಗೆ ನ್ಯಾಯದ ಗದ್ದುಗೆ ದಾಟಿಸುತ್ತಾ ಬಂದಿದ್ದಾನೆ. ಅಲ್ಲಿಯ ಜನಕ್ಕೆ ಅವನು ಸಾಯದ ದೇವರು. ನಿಜಾಮನ ಆಳ್ವಿಕೆಯಿಂದ 1948ರಲ್ಲಿ ಬಿಡುಗಡೆಯಾದ ನೆಲದಲ್ಲಿ, ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲಿ ನಾವು ಇದನ್ನು ಕಣ್ಣು ಮಿಟುಕಿಸದೆ ಓದಿದೆವು, ಖುಷಿಪಟ್ಟೆವು. ಫಾಕ್‌ಗೇ ಆಮೇಲೆ ಅನ್ನಿಸಿರಬೇಕು. ಆ ನಾಡಿಗೆ ಸ್ವಾತಂತ್ರ್ಯ ಕೊಟ್ಟು, ಲುವಾಗಾ ಅನ್ನುವ ಕಪ್ಪು ಅಧ್ಯಕ್ಷನನ್ನು ತಂದು ಕೂರಿಸಿದ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಅಂತೂ ಆ ನಾಡಿನ ಹೆಸರನ್ನೇ ಬದಲಾಯಿಸಿತು, ನಮ್ಮ ಬಂಗಾಳದ ನೆನಪು ಬರಬಾರದು ಅಂತ.

ಇಂದ್ರಜಾಲದ ನಮ್ಮದೇ ಹೀರೋ ಬಹಾದೂರ್. ಆಬಿದ್ ಸುರ್ತಿ ಅವನನ್ನು ತಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಅದರ ಹಿಂದಿನ ವರ್ಷವೇ ‘ಶಂಕರ್ಸ್ ವೀಕ್ಲಿ’ ಅನ್ನುವ ವ್ಯಂಗ್ಯಚಿತ್ರ ಪತ್ರಿಕೆ ಬಾಗಿಲು ಮುಚ್ಚಿತ್ತು. ಡಕಾಯಿತನ ಮಗ ಬಹಾದೂರ್ ಊರಿನವರನ್ನು ಒಟ್ಟುಗೂಡಿಸಿ, ಪೊಲೀಸರ ಜೊತೆ ನಿಂತು ಡಕಾಯಿತರನ್ನು ಹಿಡಿಯುತ್ತಾನೆ. ಒಳ್ಳೆಯ ಕಥೆ. ಆದರೆ ಆ ವರ್ಷಗಳಲ್ಲಿ ಪೊಲೀಸರು ಇನ್ನೂ ಯಾರ್ಯಾರನ್ನು ಹಿಡಿಯುತ್ತಿದ್ದರು ಅನ್ನುವುದು ಆ ಪುಟಗಳ ಆಚೆಯೇ ಉಳಿಯಿತು. ಮೌನಕ್ಕೂ ಪಕ್ಷ ಇರುತ್ತೆ. ಹಿಂದಿ ಕಾಮಿಕ್ಸ್‌ನ ಹೀರೋಗಳಾದ ನಾಗರಾಜ್, ಧ್ರುವ ಬಂದದ್ದು 1980ರ ದಶಕದಲ್ಲಿ, ಭಯೋತ್ಪಾದನೆ ಅವರ ಕಥೆಯ ಭಾಗವೇ ಆಯಿತು. ದೆಹಲಿಯ 2012ರ ಅತ್ಯಾಚಾರದ ನಂತರ, 2014ರಲ್ಲಿ ಪ್ರಿಯಾ ಅನ್ನುವ ಹೀರೋ ಬಂದಳು. ಅತ್ಯಾಚಾರಕ್ಕೆ ಒಳಗಾದ, ಮನೆಯವರೂ ದೂರ ಮಾಡಿದ ಹಳ್ಳಿ ಹುಡುಗಿ ಪಾರ್ವತಿಯ ಬಲದಿಂದ ಹುಲಿ ಏರಿ ವಾಪಸ್ ಊರಿಗೆ ಬರುತ್ತಾಳೆ. ಇದರಲ್ಲಿ ರಾಜಕೀಯ ತೆಗೆದರೆ ಬರೀ ಹುಲಿ ಉಳಿಯುತ್ತೆ.

ಚಿತ್ರದಲ್ಲಿ ಹೀರೋ ಕಥೆ ಹೇಳುವುದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಗೆ ಕಾಮಿಕ್ಸ್ ಬಂದ ಮೇಲೆ ಗೊತ್ತಾದ ವಿದ್ಯೆಯಲ್ಲ. ತೊಗಲುಗೊಂಬೆ ಆಟದಲ್ಲಿ ರಾಮ, ಭೀಮ, ಹನುಮಂತರ ಯುದ್ಧದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಪರದೆ ಹಿಡಿಯುತ್ತಾರೆ. ಪೋಲಿ ಮಾತಿನ ಜೊತೆಗೆ ಊರಿನ ದೊಡ್ಡವರ ಕಾಲೆಳೆಯುತ್ತಾರೆ. ದೊಡ್ಡವರೂ ಎದುರಿಗೇ ಕೂತಿರುತ್ತಾರೆ, ನಗಲೇಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ರಾಮಾಯಣ ಆಡಿಸಿದ ಅದೇ ಪರದೆಯ ಮೇಲೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧಿಯನ್ನೂ ಆಡಿಸಿದರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ ಪದ್ಮಶ್ರೀ ಬಂತು. ಈ ಆಟದವರು ಹೀರೋನ ಬಾಯಿಗೆ ಭಾಷಣ ತುರುಕಲಿಲ್ಲ, ಬೇರೆ ಬಾಯಿ ಇಟ್ಟರು. ರಾಮ ರಾಮನಾಗಿಯೇ ಇರುತ್ತಾನೆ, ಕುಟುಕುವ ಕೆಲಸ ಕಿಳ್ಳೇಕ್ಯಾತನದು. ಅಮೆರಿಕದ ಬರಹಗಾರರು ಹೆಣಗಾಡಿದ ತೊಡಕನ್ನು ಇವರು ಎಷ್ಟು ಸಲೀಸಾಗಿ ಬಿಡಿಸಿಕೊಂಡಿದ್ದಾರೆ ಅನ್ನಿಸುತ್ತೆ.

ಈಗ ಯಾರಾದರೂ ಇಲ್ಲಿ ಕೂತು ಕನ್ನಡದಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಮಾಡಲು ಹೊರಟರೆ ಕಥೆಗೆ ಬರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮು, ರಾತ್ರಿ, ಭೋರ್ಗರೆಯುವ ನೀರು. ಇದಕ್ಕಿಂತ ಒಳ್ಳೆಯ ಮೊದಲ ಪುಟ ಸಿಗುತ್ತದೆಯೇ? ನಿಜದಲ್ಲಿ ಕೇಪು ತೊಟ್ಟವರು ಯಾರೂ ಬರಲಿಲ್ಲ. ಕನ್ನಯ್ಯ ನಾಯ್ಡು ಅನ್ನುವ ಹಿರಿಯ ತಜ್ಞರು ಬಂದರು, ಎಂಜಿನಿಯರುಗಳು, ವೆಲ್ಡಿಂಗ್ ಮಾಡುವವರು ಬಂದರು. ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ತಡೆದರು.

ಕಾಮಿಕ್ಸ್‌ನಲ್ಲಿ ಹೀರೋ ಒಂದೇ ಕೈಯಲ್ಲಿ ಗೇಟು ಎತ್ತಿ ಹಿಡಿದ, ಜನ ಚಪ್ಪಾಳೆ ತಟ್ಟಿದರು ಅಂತ ಮುಗಿಸಬಹುದು. ಯಾರೂ ರಾಜಕೀಯ ಅನ್ನುವುದಿಲ್ಲ. ಆದರೆ ಅದೇ ಹೀರೋ ಎಪ್ಪತ್ತು ವರ್ಷ ಹಳೆಯ ಸರಪಳಿಯನ್ನು ಯಾರು, ಯಾವಾಗ ನೋಡಬೇಕಿತ್ತು ಅಂತ ಕೇಳಿದರೆ? ಹೂಳು ತುಂಬಿ 133 ಟಿಎಂಸಿಯ ಜಲಾಶಯ 105ಕ್ಕೆ ಇಳಿದದ್ದು ಹೇಗೆ ಅಂದರೆ? ಎಡದಂಡೆ ಕಾಲುವೆ ಹಿಡಿದು ಕೆಳಗೆ ನಡೆಯುತ್ತಾ ಹೋಗಿ, ಮೇಲಿನ ಭಾಗದಲ್ಲಿ ಭತ್ತದ ಗದ್ದೆ ನಿಂತಿರುವಾಗ ಮಾನ್ವಿ, ಸಿರವಾರದ ಕೊನೆ ಭಾಗದ ರೈತರಿಗೆ ನೀರು ಯಾಕೆ ಮುಟ್ಟುವುದಿಲ್ಲ ಅಂದರೆ? ಆಗ ಗಂಗಾವತಿಯ ಓದುಗನಿಗೂ ಸಿರವಾರದ ಓದುಗನಿಗೂ ಅದು ಒಂದೇ ಕಥೆಯಾಗಿ ಉಳಿಯುವುದಿಲ್ಲ. ಒಬ್ಬ, ಕಾಮಿಕ್ಸ್‌ನಲ್ಲಿ ಇದೆಲ್ಲ ಯಾಕ್ರಿ ಅನ್ನುತ್ತಾನೆ. ಇನ್ನೊಬ್ಬ ಮುಂದಿನ ಸಂಚಿಕೆ ಯಾವಾಗ ಅಂತ ಕೇಳುತ್ತಾನೆ.